ಕುಕ್ಕರಿನಲ್ಲಿ ಕಾಗದ

ಪಡುವಕ್ಕೆ ಕಡಲು, ಮೂಡಕ್ಕೆ ಹೊಳೆ,
ನಡುವೆ ಒಂದು ರಸ್ತೆ, ರಸ್ತೆಯಂಚಿಗೆ ನಾವು.
ಮೈಕು ಕಟ್ಟಿದ ರಿಕ್ಷಾ ಮೂರು ಸಲ ಹೋಯಿತು
ಪಡುಕೆರೆಯ ಉದ್ದಕ್ಕೂ:
ಇಳಿಯಬೇಡಿ, ಯಾರೂ ಕಡಲಿಗೆ ಇಳಿಯಬೇಡಿ.
‘ಕಡಲೇ ಹತ್ತಿ ಬಂದರೆ?’ ಎಂದರು ಅತ್ತೆ,
ಬೂತಾಯಿಯ ತಲೆ ಕೊಯ್ಯುತ್ತಾ, ತಲೆಯೆತ್ತದೆ.

ಮೊದಲು ಎಲೆ.
ಬೀಡಿಯ ಎಲೆಗೆ ಒಮ್ಮೆ ಬೂಷ್ಟು ಹಿಡಿದರೆ
ಬ್ರಾಂಚಿನ ವಾಮನಣ್ಣ ಮೂಗಿಗೆ ತಾಗಿಸಿ ಕೆಳಗಿಡುತ್ತಾನೆ.
ಮಾತಾಡುವುದಿಲ್ಲ, ಬರೇ ಕೆಳಗಿಡುತ್ತಾನೆ.
ಎಲೆಯ ಕಟ್ಟು, ಹೊಗೆಸೊಪ್ಪು, ಕತ್ತರಿ, ನೂಲಿನುಂಡೆ
ಎರಡು ಪದರ ಗೊಬ್ಬರದ ಚೀಲದಲ್ಲಿ ಅಟ್ಟಕ್ಕೆ.
ಕಟ್ಟಿ ಮುಗಿದದ್ದು ಆರುನೂರ ನಲವತ್ತು.
ಸಾವಿರ ಆಗಲಿಲ್ಲ.

ಆಮೇಲೆ ಅಕ್ಕಿ. ಆಮೇಲೆ ನೀರು.
ಬಾವಿಗೆ ಉಪ್ಪು ಇಳಿದರೆ
ಅದು ಬಾಯಿ ತೊಳೆದುಕೊಳ್ಳಲಿಕ್ಕೆ
ಇಡೀ ಒಂದು ಮಳೆಗಾಲ ಬೇಕು.
ಕೊಡಪಾನ, ಬಕೆಟು, ಮಗನ ಶಾಲೆಯ ಬಾಟಲಿ,
ದೋಸೆಹಿಟ್ಟಿನ ಪಾತ್ರೆ ಕೂಡ ತುಂಬಿಸಿದೆ.

ಕೊನೆಗೆ ಕಾಗದ.
ಆಧಾರ್, ರೇಷನ್ ಕಾರ್ಡು, ಪಿ.ಎಫ್. ಪುಸ್ತಕ,
ಹಕ್ಕುಪತ್ರದ ಜೆರಾಕ್ಸು, ಅಸಲು ಸೊಸೈಟಿಯಲ್ಲಿ ಅಡವು,
ಮಾವನ ಒಂದೇ ಒಂದು ಫೋಟೊ,
ಅದರಲ್ಲೂ ಕಣ್ಣು ಅರ್ಧ ಮುಚ್ಚಿದ್ದಾರೆ.
ಎಲ್ಲವನ್ನೂ ಐದು ಲೀಟರಿನ ಕುಕ್ಕರಿಗೆ ಹಾಕಿ
ಗ್ಯಾಸ್ಕೆಟ್ಟು ಕೂರಿಸಿ ಮುಚ್ಚಳ ತಿರುಗಿಸಿದೆ.
ಆವಿ ಹೊರಗೆ ಹೋಗದಲ್ಲಿ ನೀರು ಒಳಗೆ ಬಾರದು,
ಅಷ್ಟೇ ನನ್ನ ವಿಜ್ಞಾನ.
‘ಎಷ್ಟು ವಿಸಿಲಿಗೆ ಬೇಯ್ತದೆ ಇದು?’ ಅತ್ತೆ ನಕ್ಕರು.

ಶಾಲೆಗೆ ಹೋಗುವಾ ಎಂದರೆ ಕಾಲು ಎತ್ತಲಿಲ್ಲ.
ಅಲ್ಲಿ ಒಂದೇ ಪಾಯಿಖಾನೆ, ಅದಕ್ಕೂ ಚಿಲಕವಿಲ್ಲ.
ಕಳೆದ ಸಲ ಹೋಗಿ ಬಂದವರು ಅವರು.

ಒಂಬತ್ತಕ್ಕೆ ಕರೆಂಟು ಹೋಯಿತು.
ಮಲ್ಪೆ ಬಂದರಿನಿಂದ ಇವರ ಫೋನು, ತುಂಡು ತುಂಡಾಗಿ:
ಬೋಟಿಗೆ ಬೋಟು ಕಟ್ಟಿದ್ದೇವೆ... ನಡುವೆ ಟಯರು...
ಒಂದು ಅಲುಗಿದರೆ ಎಲ್ಲ... ಬಾಗಿಲು ಹಾಕಿಕೊ...
ಮತ್ತೆ ಬರೇ ಗಾಳಿ. ಅದಕ್ಕೆ ಮಾತ್ರ ರೇಂಜಿತ್ತು.

ಊಳಿಡುತ್ತದೆ ಎಂದು ಯಾರು ಹೇಳಿದ್ದೋ.
ಅದು ಹುಡುಕುತ್ತದೆ.
ಹೆಂಚಿನಿಂದ ಹೆಂಚಿಗೆ ಬೆರಳಾಡಿಸಿ
ಸಡಿಲಾದದ್ದು ಯಾವುದೆಂದು,
ಥೇಟು ವಾಮನಣ್ಣ ಕಟ್ಟು ಬಿಚ್ಚಿ ನೋಡುವ ಹಾಗೆ.
ಅಡುಗೆಕೋಣೆಯ ಶೀಟು ಸಿಕ್ಕಿತು.
ಎತ್ತಿತು. ಬಿಟ್ಟಿತು. ಎತ್ತಿತು.
ಒಂದೊಂದೇ ಮೊಳೆ, ಹಲ್ಲು ಕಿತ್ತ ಸದ್ದು.

ಆಗ ಆಚೆಮನೆಯಿಂದ ಟಾರ್ಚು.
ಸುಗಂಧಿ. ಮೂರು ವರ್ಷದಿಂದ ಮಾತಿಲ್ಲ ನಮಗೆ,
ನಮ್ಮ ಬಚ್ಚಲ ನೀರು ಅವಳ ಅಂಗಳಕ್ಕೆ ಹೋದ ವಿಷಯದಲ್ಲಿ.
ಈಗ ಯಾರ ನೀರು, ಯಾರ ಅಂಗಳ.
‘ಹಿಡಿ’ ಎಂದಳೋ, ‘ಹಿಡ್ಕೊ ಬೇವರ್ಸಿ’ ಎಂದಳೋ,
ಕೇಳಲಿಲ್ಲ. ಹಗ್ಗ ಮಾತ್ರ ಬಂತು,
ಬೋಟಿನ ನೀಲಿ ಹಗ್ಗ, ಹೆಬ್ಬೆರಳಿನ ದಪ್ಪ,
ಕತ್ತಲೆಯಿಂದ ಹಾರಿ ಮುಖಕ್ಕೆ ಬಡಿಯಿತು.
ನಮ್ಮ ಪಕ್ಕಾಸಿಗೆ ಒಂದು ತುದಿ,
ಅವಳ ಸಿಮೆಂಟು ಕಂಬಕ್ಕೆ ಇನ್ನೊಂದು.
ಬೆಳಗಿನವರೆಗೂ ಅದು ಗುಂಯ್‌ಗುಟ್ಟುತ್ತಲೇ ಇತ್ತು,
ಮಗ ಅದರ ಸದ್ದಿಗೇ ನಿದ್ದೆ ಹೋದ.

ಬೆಳಿಗ್ಗೆ ರಸ್ತೆ ಇರಲಿಲ್ಲ.
ಡಾಮರಿನ ಅಂಚು ಮಾತ್ರ, ಕಚ್ಚಿ ಬಿಟ್ಟ ರೊಟ್ಟಿ.
ನಾಲ್ಕು ತೆಂಗು ಬೇರು ತೋರಿಸಿ ಮಲಗಿದ್ದವು.
ಬಾವಿನೀರನ್ನು ನಾಲಗೆಗೆ ತಾಗಿಸಿ ನೋಡಿದೆ: ಉಪ್ಪು.
ಬಂದರಿನಿಂದ ಒಂದು ಮಿಸ್ಡ್ ಕಾಲ್ ಬಂತು.
ಇದ್ದೇನೆ ಎಂದು ಅದರ ಅರ್ಥ.

ಗಂಟು ಬಿಚ್ಚಲಿಕ್ಕೆ ಬಂದಳು ಸುಗಂಧಿ.
ಗಾಳಿ ರಾತ್ರಿಯಿಡೀ ಜಗ್ಗಿ ಅದು ಕಲ್ಲಾಗಿತ್ತು.
ಇಬ್ಬರೂ ಎಳೆದೆವು. ನನ್ನದೊಂದು ಉಗುರು ಹೋಯಿತು.
‘ಕತ್ತಿ ತರ್ಲಾ?’ ಎಂದೆ.
‘ಒಳ್ಳೆ ಹಗ್ಗ ಮಾರಾಯ್ತಿ’ ಎಂದಳು.
ಅಷ್ಟರಲ್ಲಿ ಅತ್ತೆ ಅದರ ಮೇಲೆ
ತಮ್ಮ ಒದ್ದೆ ಸೀರೆ ಹರವಿಯೂ ಆಗಿತ್ತು.

ಚೀಲದ ಒಂದು ಮೂಲೆ ನೆನೆದಿದೆ,
ವಾಮನಣ್ಣ ಮೂಗಿಗೆ ತಾಗಿಸುತ್ತಾನೆ, ಗೊತ್ತು.
ಕುಕ್ಕರಿನೊಳಗೆ ಮಾವ, ಅದೇ ಅರೆಗಣ್ಣು, ಒಂದು ಹನಿ ಇಲ್ಲ.

‘ಎಂತದು ಅದರ ಹೆಸರು?’
ಖಾಲಿಯಾದ ಕುಕ್ಕರಿಗೆ ಅಕ್ಕಿ ಸುರಿಯುತ್ತಾ ಅತ್ತೆ ಕೇಳಿದರು.
ರೇಡಿಯೋದಲ್ಲಿ ಹೇಳಿದ್ದು ನನಗೂ ನಾಲಗೆಗೆ ಬರಲಿಲ್ಲ.
‘ಬರೆದಿಡು ಎಲ್ಲಾದರೂ.
ಇನ್ನೊಮ್ಮೆ ಬಂದರೆ ಗುರುತು ಸಿಗಬೇಕಲ್ಲ.’